ಗೇರ್‌ಬಾಕ್ಸಿಗೆ ಯಾವ ಇನ್‌ಪುಟ್ ಶಾಫ್ಟ್? ಮೋಟಾರು ಬಿಚ್ಚುವ ದಿನವನ್ನು ನೆನೆದು ಆಯ್ಕೆ ಮಾಡುವ ಬಗೆ

ಗೇರ್‌ಬಾಕ್ಸ್ ಖರೀದಿಸುವಾಗ ಎಲ್ಲರ ಗಮನವೂ ಔಟ್‌ಪುಟ್ ಕಡೆಗೇ ಇರುತ್ತದೆ. ಎಷ್ಟು ಟಾರ್ಕ್ (ತಿರುಗಿಸುವ ಬಲ) ಬೇಕು, ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು, ಅನುಪಾತ ಎಷ್ಟಿರಬೇಕು ಎಂಬ ಲೆಕ್ಕಗಳನ್ನು ಎರಡೆರಡು ಸಲ ಪರಿಶೀಲಿಸುವವರು ಕೂಡ, ಮೋಟಾರು ಸೇರುವ ಕಡೆಯ ಇನ್‌ಪುಟ್ ಶಾಫ್ಟಿನ ಮಾದರಿಯನ್ನು ಕೇಳುವ ಸಾಲು ಬಂದಾಗ ಹಿಂದಿನ ಆರ್ಡರಿನಲ್ಲಿ ಏನಿತ್ತೋ ಅದನ್ನೇ ನಕಲು ಮಾಡಿಬಿಡುತ್ತಾರೆ. ಆ ಒಂದು ಸಾಲಿನ ಪರಿಣಾಮ ಗೊತ್ತಾಗುವುದು ಎರಡು ಮೂರು ವರ್ಷಗಳ ನಂತರ, ಮೋಟಾರು ಸುಟ್ಟು ಹೋಗಿ ಅದನ್ನು ಬಿಚ್ಚಲು ಹೊರಟಾಗ. ಆ ಹೊತ್ತಿಗೆ ಆರ್ಡರ್ ಬರೆದವರು ಬೇರೆ ವಿಭಾಗದಲ್ಲಿರುತ್ತಾರೆ. ಅದನ್ನು ಎಳೆದು ತೆಗೆಯುವ ಪುಲ್ಲರ್ ಹಿಡಿದು ಬೆವರುವವರು ಫಿಟ್ಟರುಗಳು.

ಉದ್ಯಮದಲ್ಲಿ ಸಾಮಾನ್ಯವಾಗಿ ಸಿಗುವ ಆಯ್ಕೆಗಳು ನಾಲ್ಕು. ಮೋಟಾರಿನ ಶಾಫ್ಟಿನ ಮೇಲೆಯೇ ಮೊದಲ ಪಿನಿಯನ್ (ಚಿಕ್ಕ ಗೇರು) ಕೂರಿಸಿ, ಮೋಟಾರು ಮತ್ತು ಗೇರ್‌ಬಾಕ್ಸ್ ಒಂದೇ ಘಟಕವಾಗಿ ಬರುವ ಇಂಟಿಗ್ರಲ್ ಮಾದರಿ. ಗೇರ್‌ಬಾಕ್ಸಿನ ಪೊಳ್ಳು ಇನ್‌ಪುಟ್ ಶಾಫ್ಟಿನೊಳಕ್ಕೆ ಮೋಟಾರಿನ ಶಾಫ್ಟನ್ನು ಕೀ (ಎರಡೂ ಒಟ್ಟಿಗೆ ತಿರುಗುವಂತೆ ನಡುವೆ ಕೂರಿಸುವ ಉಕ್ಕಿನ ಪಟ್ಟಿ) ಸಮೇತ ತೂರಿಸಿ ಫ್ಲ್ಯಾಂಜಿಗೆ, ಅಂದರೆ ರಂಧ್ರಗಳಿರುವ ಚಪ್ಪಟೆ ಅಂಚಿಗೆ, ಬೋಲ್ಟ್ ಹಾಕುವ ಹಾಲೋ ಇನ್‌ಪುಟ್. ಅದೇ ಫ್ಲ್ಯಾಂಜಿನ ಒಳಗೆ ಎರಡು ಶಾಫ್ಟುಗಳನ್ನು ಕೂಡಿಸುವ ಒಂದು ಸಣ್ಣ ಕಪ್ಲಿಂಗ್ ಅಡಗಿಸಿಟ್ಟ ಕಪ್ಲಿಂಗ್ ಅಡಾಪ್ಟರ್. ಕೊನೆಯದಾಗಿ, ಗೇರ್‌ಬಾಕ್ಸಿನಿಂದ ಹೊರಗೆ ಚಾಚಿಕೊಂಡಿರುವ, ಪುಲ್ಲಿಯನ್ನೋ ಕಪ್ಲಿಂಗನ್ನೋ ನಮಗೆ ಬೇಕಾದಂತೆ ಹಾಕಿಕೊಳ್ಳಬಹುದಾದ ಸಾಲಿಡ್ ಶಾಫ್ಟ್. ಸರ್ವೋ ಮೋಟಾರಿನ ಕ್ಲ್ಯಾಂಪ್ ಮಾದರಿ ಮತ್ತು ಹೈಡ್ರಾಲಿಕ್ ಮೋಟಾರಿನ ಸ್ಪ್ಲೈನ್ (ಶಾಫ್ಟಿನ ಸುತ್ತ ಉದ್ದುದ್ದ ಹಲ್ಲು ಕೊರೆದ) ಮಾದರಿಗಳೂ ಇವೆ. ಅವುಗಳ ಬಳಕೆ ಸೀಮಿತವಾದ್ದರಿಂದ ಅವನ್ನು ಕೊನೆಯಲ್ಲಿ ಚುಟುಕಾಗಿ ನೋಡೋಣ.

ಇನ್‌ಪುಟ್ ಕಡೆಯ ಟಾರ್ಕ್ ಚಿಕ್ಕದು, ತೊಂದರೆ ಬೇರೆ

ಟಾರ್ಕಿನ ಲೆಕ್ಕ ಸರಳ: ಕಿಲೋವ್ಯಾಟ್‌ನಲ್ಲಿರುವ ಶಕ್ತಿಯನ್ನು 9550ರಿಂದ ಗುಣಿಸಿ, ನಿಮಿಷದ ಸುತ್ತುಗಳಿಂದ ಭಾಗಿಸಿದರೆ ನ್ಯೂಟನ್ ಮೀಟರ್‌ನಲ್ಲಿ ಉತ್ತರ ಸಿಗುತ್ತದೆ. 7.5 ಕಿಲೋವ್ಯಾಟ್‌ನ, 1440 ಸುತ್ತಿನ ಮೋಟಾರಿಗೆ ಇದು ಸುಮಾರು 50 ನ್ಯೂಟನ್ ಮೀಟರ್. ಅದೇ ಮೋಟಾರು 40ರ ಅನುಪಾತದ ಹೆಲಿಕಲ್ ಗೇರ್‌ಬಾಕ್ಸಿನ ಮೂಲಕ ಹಾದು ಬಂದಾಗ ಔಟ್‌ಪುಟ್ ಶಾಫ್ಟಿನಲ್ಲಿ ಸುಮಾರು 1900 ನ್ಯೂಟನ್ ಮೀಟರ್ ಇರುತ್ತದೆ. ಈ ಅಂತರವನ್ನು ನೋಡಿದವರಿಗೆ ಇನ್‌ಪುಟ್ ಶಾಫ್ಟಿನ ಬಗ್ಗೆ ಚಿಂತಿಸುವಂಥದ್ದೇನೂ ಇಲ್ಲ ಎನಿಸುವುದು ಸಹಜ.

ಆದರೆ ಇನ್‌ಪುಟ್ ಶಾಫ್ಟು ತಿರುಚಿಕೊಂಡು ಮುರಿಯುವುದು ಅಪರೂಪ. ಅದು ಹಾಳಾಗುವುದು ವೇಗದಿಂದ. 1440 ಸುತ್ತಿನ ಶಾಫ್ಟು ಬಿಡುವಿಲ್ಲದೆ ಒಂದು ದಿನ ಓಡಿದರೆ 20 ಲಕ್ಷಕ್ಕಿಂತ ಹೆಚ್ಚು ಬಾರಿ ಸುತ್ತುತ್ತದೆ. ಶಾಫ್ಟಿನ ಮೇಲೆ ಪಕ್ಕದ ಎಳೆತ ಇದ್ದರೆ, ಅಥವಾ ಎರಡು ಶಾಫ್ಟುಗಳ ಮಧ್ಯರೇಖೆ ಕೂದಲೆಳೆಯಷ್ಟು ತಪ್ಪಿದ್ದರೆ, ಆ ಒಂದೊಂದು ಸುತ್ತಿಗೂ ಲೋಹ ಒಮ್ಮೆ ಒಂದು ಕಡೆಗೆ, ಒಮ್ಮೆ ಇನ್ನೊಂದು ಕಡೆಗೆ ಬಾಗುತ್ತದೆ. ಔಟ್‌ಪುಟ್ ಕಡೆ ನಿಮಿಷಕ್ಕೆ 36 ಸುತ್ತು ಮಾತ್ರ. ಅಲ್ಲಿ ವರ್ಷಗಟ್ಟಲೆ ತಡೆಯುವ ತಪ್ಪು ಇಲ್ಲಿ ವಾರಗಳಲ್ಲಿ ಬಯಲಾಗುತ್ತದೆ. ಹೀಗಾಗಿ ಇನ್‌ಪುಟ್ ಮಾದರಿಯನ್ನು ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಮಧ್ಯರೇಖೆಯ ಹೊಂದಾಣಿಕೆಯನ್ನು ಯಾರು ನೋಡಿಕೊಳ್ಳುತ್ತಾರೆ, ಯಂತ್ರದ ಭಾಗವೋ ಅಥವಾ ಮನುಷ್ಯನೋ? ಮೋಟಾರು ಕೆಟ್ಟಾಗ ಅದನ್ನು ಯಾರು, ಯಾವ ಸಲಕರಣೆಯಿಂದ, ಎಷ್ಟು ಹೊತ್ತಿನಲ್ಲಿ ಬದಲಿಸುತ್ತಾರೆ?

ಇಂಟಿಗ್ರಲ್ ಮಾದರಿ

ಜಾಗ ಕಡಿಮೆ, ಭಾಗಗಳು ಕಡಿಮೆ, ಹೊಂದಾಣಿಕೆಯ ಕೆಲಸವೇ ಇಲ್ಲ. ಪಿನಿಯನ್ ಮೋಟಾರಿನ ಶಾಫ್ಟಿನ ಮೇಲೆಯೇ ಇರುವುದರಿಂದ ನಡುವೆ ಕಪ್ಲಿಂಗ್ ಇಲ್ಲ, ಹೆಚ್ಚುವರಿ ಬೇರಿಂಗ್ ಜೋಡಿ ಇಲ್ಲ, ಒಟ್ಟು ಉದ್ದವೂ ಅಡಾಪ್ಟರ್ ಹಾಕಿದ ಜೋಡಣೆಗಿಂತ ಸಾಕಷ್ಟು ಕಡಿಮೆ. ಪಿನಿಯನ್ನನ್ನು ಬಹಳ ಚಿಕ್ಕ ವ್ಯಾಸದಲ್ಲಿ ಮಾಡಬಹುದಾದ್ದರಿಂದ ಮೊದಲ ಹಂತದಲ್ಲಿಯೇ ದೊಡ್ಡ ಅನುಪಾತ ಸಾಧ್ಯವಾಗುತ್ತದೆ. ಒಂದೇ ರೀತಿಯ ಹತ್ತಾರು ಘಟಕಗಳು ಸಾಲಾಗಿ ಓಡುವ ಕನ್ವೇಯರುಗಳಲ್ಲಿ, ಸ್ಟೋರಿನಲ್ಲಿ ಒಂದೆರಡು ಪೂರ್ಣ ಘಟಕಗಳನ್ನು ಇಟ್ಟುಕೊಂಡು, ಕೆಟ್ಟದ್ದನ್ನು ಇಡಿಯಾಗಿ ಬದಲಿಸುವ ಪದ್ಧತಿ ಇರುವ ಕಡೆ, ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಂಡಿಲ್ಲ.

ತೊಂದರೆ ಇರುವುದು ಒಂದೇ ಒಂದು ಘಟಕ ಇರುವಲ್ಲಿ. ಆ ಮೋಟಾರಿನ ಶಾಫ್ಟೂ ಮುಂಭಾಗದ ಕವಚವೂ ತಯಾರಕರ ಸ್ವಂತ ಅಳತೆಯವು. ಅಂಗಡಿಯಲ್ಲಿ ಸಿಗುವ ಪ್ರಮಾಣಿತ ಮೋಟಾರು ಅದರ ಜಾಗದಲ್ಲಿ ಕೂರುವುದಿಲ್ಲ. ಸುರುಳಿ ಸುಟ್ಟರೆ ರೀವೈಂಡಿಂಗ್ ಮಾಡಿಸಬಹುದು, ಆದರೆ ಅಷ್ಟು ದಿನ ಯಂತ್ರ ನಿಲ್ಲಬೇಕು. ಮೋಟಾರನ್ನು ಹೊರತೆಗೆದಾಗ ಗೇರ್‌ಬಾಕ್ಸಿನ ಬಾಯಿಯೇ ತೆರೆದುಕೊಳ್ಳುವುದರಿಂದ ಎಣ್ಣೆಯನ್ನು ಮೊದಲೇ ಇಳಿಸಬೇಕಾಗುತ್ತದೆ, ದೂಳಿನ ಜಾಗದಲ್ಲಿ ಈ ಕೆಲಸ ಮಾಡುವಂತೆಯೇ ಇಲ್ಲ. ಇನ್ನೊಂದು ಎಚ್ಚರಿಕೆ: ಮೋಟಾರಿನ ಕಡೆಯ ಆಯಿಲ್ ಸೀಲ್ ಸವೆದರೆ ಗೇರ್ ಎಣ್ಣೆ ನೇರವಾಗಿ ಸುರುಳಿಯ ಕಡೆಗೆ ನುಗ್ಗುತ್ತದೆ. ಮೋಟಾರು ಗೇರ್‌ಬಾಕ್ಸಿನ ಕೆಳಗೆ ತೂಗುವಂತೆ ಜೋಡಿಸಿದ್ದರಂತೂ ಆ ಸೀಲಿನ ತುಟಿಯೊಂದೇ ಎಣ್ಣೆಗೂ ಸುರುಳಿಗೂ ನಡುವಿನ ಕಾವಲು.

ಹಾಲೋ ಇನ್‌ಪುಟ್ ಮತ್ತು ಕಂದು ಪುಡಿ

ಬಹಳ ಮಾರಾಟವಾಗುವುದೂ, ಬಹಳ ಬೈಗುಳ ತಿನ್ನುವುದೂ ಇದೇ. ಬೆಲೆಯಲ್ಲಿ ಕಪ್ಲಿಂಗ್ ಅಡಾಪ್ಟರಿಗಿಂತ ಅಗ್ಗ, ಉದ್ದದಲ್ಲಿ ಚಿಕ್ಕದು, ಪ್ರಮಾಣಿತ ಮೋಟಾರನ್ನು ಯಾರಿಂದ ಬೇಕಾದರೂ ಕೊಂಡು ತೂರಿಸಬಹುದು. ಸಣ್ಣ ವರ್ಮ್ ಗೇರ್‌ಬಾಕ್ಸುಗಳಲ್ಲಿ ಬಹುತೇಕ ಇದೇ ವ್ಯವಸ್ಥೆ ಇರುತ್ತದೆ.

ಇಲ್ಲಿ ಎಲ್ಲವೂ ನಿಂತಿರುವುದು ಮೋಟಾರಿನ ಪ್ರಮಾಣಿತ ಅಳತೆಗಳ ಮೇಲೆ. ಐಇಸಿ 60072 ಎಂಬ ಅಂತರರಾಷ್ಟ್ರೀಯ ಮಾನದಂಡವು ಫ್ರೇಮ್ ಸಂಖ್ಯೆಯ (ಕಾಲಿನ ತಳದಿಂದ ಶಾಫ್ಟಿನ ಮಧ್ಯದವರೆಗಿನ ಎತ್ತರ, ಮಿ.ಮೀ.ಗಳಲ್ಲಿ) ಪ್ರಕಾರ ಶಾಫ್ಟು ಮತ್ತು ಫ್ಲ್ಯಾಂಜುಗಳ ಅಳತೆಯನ್ನು ನಿಗದಿ ಮಾಡುತ್ತದೆ. 71ರ ಫ್ರೇಮಿಗೆ 14 ಮಿ.ಮೀ. ವ್ಯಾಸದ ಶಾಫ್ಟು, 80ಕ್ಕೆ 19, 90ಕ್ಕೆ 24, 100 ಮತ್ತು 112ಕ್ಕೆ 28, 132ಕ್ಕೆ 38, 160ಕ್ಕೆ 42, 180ಕ್ಕೆ 48. ಫ್ಲ್ಯಾಂಜಿನ ಹೊರವ್ಯಾಸಗಳು ಮಾತ್ರ ಜೋಡಿ ಜೋಡಿಯಾಗಿ ಬರುತ್ತವೆ: ಬಿ5 ಮಾದರಿಯಲ್ಲಿ 80 ಮತ್ತು 90 ಎರಡಕ್ಕೂ 200 ಮಿ.ಮೀ., 100 ಮತ್ತು 112ಕ್ಕೆ 250, 132ಕ್ಕೆ 300, 160 ಮತ್ತು 180ಕ್ಕೆ 350. ಇದರಲ್ಲಿ ಒಂದು ಅನುಕೂಲವೂ ಒಂದು ಬಲೆಯೂ ಇವೆ. ಸಾಮಾನ್ಯವಾಗಿ 100 ಮತ್ತು 112ರ ಫ್ರೇಮಿನಲ್ಲಿ ಬರುವ 2.2, 3 ಮತ್ತು 4 ಕಿಲೋವ್ಯಾಟ್‌ನ ನಾಲ್ಕು ಪೋಲಿನ ಮೋಟಾರುಗಳು ಶಾಫ್ಟಿನಲ್ಲೂ ಫ್ಲ್ಯಾಂಜಿನಲ್ಲೂ ಒಂದೇ ಆಗಿರುವುದರಿಂದ ಒಂದರ ಬದಲು ಇನ್ನೊಂದು ಕೂರುತ್ತದೆ. ಆದರೆ 80 ಮತ್ತು 90ರ ನಡುವೆ ಫ್ಲ್ಯಾಂಜ್ ಒಂದೇ ಆದರೂ ಶಾಫ್ಟು ಬೇರೆ. ಬೋಲ್ಟಿನ ರಂಧ್ರಗಳು ಸರಿಹೊಂದಿದವೆಂದು ಸಂತೋಷಪಟ್ಟವರು 24ರ ಶಾಫ್ಟನ್ನು 19ರ ರಂಧ್ರದ ಎದುರು ಹಿಡಿದು ನಿಲ್ಲಬೇಕಾಗುತ್ತದೆ.

ಫ್ಲ್ಯಾಂಜಿನಲ್ಲಿಯೂ ಬಿ5 ಮತ್ತು ಬಿ14 ಎಂಬ ಎರಡು ಬಗೆ. ಬಿ5ರಲ್ಲಿ ಮೋಟಾರಿನ ಫ್ಲ್ಯಾಂಜ್ ದೊಡ್ಡದು, ರಂಧ್ರಗಳು ಈ ಬದಿಯಿಂದ ಆ ಬದಿಗೆ ಹಾದಿರುತ್ತವೆ. ಬಿ14ರಲ್ಲಿ ಫ್ಲ್ಯಾಂಜ್ ಚಿಕ್ಕದು, ಮರೆ (ಬೋಲ್ಟಿನ ಥ್ರೆಡ್) ಕೊರೆದಿರುವುದು ಮೋಟಾರಿನಲ್ಲಿ, ಬೋಲ್ಟು ಗೇರ್‌ಬಾಕ್ಸಿನ ಕಡೆಯಿಂದ ಬರಬೇಕು. ಅಲ್ಲಿ ಬೋಲ್ಟು ಸ್ವಲ್ಪ ಉದ್ದವಾದರೂ ರಂಧ್ರದ ತಳಕ್ಕೆ ತಾಗಿ ಸ್ಪ್ಯಾನರಿಗೆ ಬಿಗಿಯಾದಂತೆ ಭಾಸವಾಗುತ್ತದೆ, ಫ್ಲ್ಯಾಂಜ್ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ. ಜಾಗ ಇದ್ದರೆ ಬಿ5 ಅನ್ನೇ ಆರಿಸುವುದು ಲೇಸು. ಬೋಲ್ಟುಗಳು ಮಧ್ಯರೇಖೆಯಿಂದ ದೂರ ಇರುವುದರಿಂದ ಮೋಟಾರಿನ ತೂಕವನ್ನು ಹೊರುವ ಶಕ್ತಿ ಹೆಚ್ಚು.

ಈಗ ಆ ಕಂದು ಪುಡಿಯ ವಿಷಯ. ಮೋಟಾರಿನ ಶಾಫ್ಟು ಪೊಳ್ಳು ಶಾಫ್ಟಿನೊಳಕ್ಕೆ ಕೈಯಿಂದ ತಳ್ಳಿದರೆ ಹೋಗಬೇಕು ಎಂಬ ಕಾರಣಕ್ಕೆ ನಡುವೆ ಸ್ವಲ್ಪ ಸಡಿಲು ಇಟ್ಟಿರುತ್ತಾರೆ. ಅಳತೆ ಎಷ್ಟು ತಪ್ಪಬಹುದು ಎಂಬ ಮಿತಿಯನ್ನು ಜೆ6, ಎಚ್7, ಎಫ್7 ಎಂಬ ಗುರುತುಗಳು ಹೇಳುತ್ತವೆ. 24 ಮಿ.ಮೀ. ಶಾಫ್ಟಿನ ಜೆ6 ಸಹಿಷ್ಣುತೆ ಎಂದರೆ ಅಳತೆಗಿಂತ 9 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ಹೆಚ್ಚಿನಿಂದ 4 ಮೈಕ್ರಾನ್ ಕಡಿಮೆಯವರೆಗೆ. ರಂಧ್ರವನ್ನು ಎಚ್7ಕ್ಕೆ ಕೊರೆದಿದ್ದರೆ ಅದು ಸರಿಯಾದ ಅಳತೆಯಿಂದ 21 ಮೈಕ್ರಾನ್ ಹೆಚ್ಚಿನವರೆಗೆ ಇರಬಹುದು. ಎಫ್7 ಆದರೆ 20ರಿಂದ 41 ಮೈಕ್ರಾನ್ ಹೆಚ್ಚು. ಅಂದರೆ ಎಚ್7ರಲ್ಲಿ ಕೆಲವು ಮೋಟಾರುಗಳು ಬಿಗಿಯಾಗಿ ಹೋಗುತ್ತವೆ, ಕೆಲವು ಸಲೀಸಾಗಿ. ಎಫ್7ರಲ್ಲಿ ಎಲ್ಲವೂ ಸಲೀಸು, ಆದರೆ 45 ಮೈಕ್ರಾನ್ ವರೆಗೂ ಸಂದು ಉಳಿಯಬಹುದು. ಕೀ ಸಮೇತ ಆ ಶಾಫ್ಟಿನ ಎತ್ತರ 27 ಮಿ.ಮೀ., ರಂಧ್ರದಲ್ಲಿ ಕೀವೇ (ಕೀ ಕೂರುವ ಕಾಲುವೆ) ಸೇರಿ 27.3. ಯಂತ್ರ ಓಡುವಾಗ ಈ ಸಂದಿನೊಳಗೆ ಎರಡು ಉಕ್ಕಿನ ಮೇಲ್ಮೈಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಒಂದಕ್ಕೊಂದು ಉಜ್ಜುತ್ತಲೇ ಇರುತ್ತವೆ. ಹೀಗೆ ಉಜ್ಜಿ ಉದುರಿದ ಕಬ್ಬಿಣದ ಕಣಗಳು ಗಾಳಿಗೆ ತುಕ್ಕಾಗಿ, ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವ ಕೆಂಪುಗಂದು ಪುಡಿಯಾಗುತ್ತವೆ. ಪುಡಿ ಸಂದನ್ನೆಲ್ಲ ತುಂಬಿಕೊಂಡ ಮೇಲೆ ಮೋಟಾರಿನ ಶಾಫ್ಟು ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತದೆ.

ಒಮ್ಮೆ ಇಂತಹ ಒಂದು ಮೋಟಾರನ್ನು ಬಿಚ್ಚುವಾಗ ನಾನು ಪಕ್ಕದಲ್ಲಿದ್ದೆ. ನಾಲ್ಕು ಬೋಲ್ಟುಗಳನ್ನು ತೆಗೆಯಲು ಐದು ನಿಮಿಷ ಸಾಕಾಯಿತು. ಫ್ಲ್ಯಾಂಜಿನ ಸಂದಿಗೆ ಎರಡು ಉಳಿ ಕೊಟ್ಟು ಮೀಟಿದರೆ 2 ಮಿ.ಮೀ. ಜರುಗಿ ನಿಂತಿತು. ಎಣ್ಣೆ ಸಿಂಪಡಿಸಿದರು, ಕಾದರು, ಮತ್ತೆ ಮೀಟಿದರು. ಮೂರನೆಯ ಸಲಕ್ಕೆ ಮೋಟಾರಿನ ಬೀಡು ಕಬ್ಬಿಣದ ಫ್ಲ್ಯಾಂಜಿನ ಒಂದು ಕಿವಿ ಮುರಿದು ಕೈಗೆ ಬಂತು. ಕೊನೆಗೆ ಶಾಫ್ಟು ಹೊರಬಂದಾಗ ಅದರ ಜೊತೆಗೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗಿನ ಒಳ ಉಂಗುರವೂ ಬಂದಿತ್ತು. ಮೋಟಾರು ಬದಲಿಸಲು ಹೋದ ಕೆಲಸ ಗೇರ್‌ಬಾಕ್ಸ್ ರಿಪೇರಿಯಲ್ಲಿ ಮುಗಿಯಿತು. ಜೋಡಿಸುವ ದಿನ ಶಾಫ್ಟಿಗೆ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಆ ದಿನ ಎಲ್ಲರೂ ಹೇಳಿದರು; ಜೋಡಿಸಿದ ದಿನ ಅದು ಯಾರಿಗೂ ನೆನಪಾಗಿರಲಿಲ್ಲ.

ಹಾಲೋ ಇನ್‌ಪುಟ್ ಆರಿಸಿದವರು ಪಾಲಿಸಬೇಕಾದದ್ದು ಇಷ್ಟು. ಶಾಫ್ಟಿಗೂ ಕೀಗೂ ಮಾಲಿಬ್ಡಿನಮ್ ಅಥವಾ ಅದಕ್ಕೆ ಸಮನಾದ ಪೇಸ್ಟ್ ಹಚ್ಚಬೇಕು. ಸಾದಾ ಗ್ರೀಸ್ ಹೊರಗೆ ಹಿಂಡಿಹೋಗುತ್ತದೆ. ಮೋಟಾರನ್ನು ಸುತ್ತಿಗೆಯಿಂದ ಬಡಿದು ಸೇರಿಸಬಾರದು. ಫ್ಲ್ಯಾಂಜುಗಳ ಎರಡೂ ಮುಖಗಳಲ್ಲಿ ಬಣ್ಣದ ಗುಳ್ಳೆಗಳಿದ್ದರೆ ಕೆರೆದು ತೆಗೆಯಬೇಕು, ಏಕೆಂದರೆ ಇಲ್ಲಿ ಬಾಗುವ ಭಾಗ ಯಾವುದೂ ಇಲ್ಲ. ಫ್ಲ್ಯಾಂಜ್ ಓರೆಯಾದರೆ ಆ ಓರೆಯನ್ನು ಮೋಟಾರಿನ ಮುಂದಿನ ಬೇರಿಂಗ್ ಮತ್ತು ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್ ಹಂಚಿಕೊಂಡು ಅನುಭವಿಸುತ್ತವೆ. ಪದೇ ಪದೇ ನಿಲ್ಲಿಸಿ ಶುರು ಮಾಡುವ, ಅಥವಾ ದಿಕ್ಕು ಬದಲಿಸುವ ಕೆಲಸಕ್ಕೆ ಇದನ್ನು ಹಾಕದಿರುವುದು ಒಳಿತು. ನೇರವಾಗಿ ಸ್ಟಾರ್ಟ್ ಆಗುವ ಇಂಡಕ್ಷನ್ ಮೋಟಾರು ತನ್ನ ನಿಗದಿತ ಟಾರ್ಕಿನ ಎರಡು ಮೂರು ಪಟ್ಟು ಟಾರ್ಕನ್ನು ಒಮ್ಮೆಲೆ ಕೊಡುತ್ತದೆ. ಆ ಏಟೆಲ್ಲ ಕೀ ಮೇಲೆ ಬಿದ್ದು, ಕೀವೇ ಬದಿಗಳು ಕ್ರಮೇಣ ಅಗಲವಾಗುತ್ತವೆ.

ಕಪ್ಲಿಂಗ್ ಅಡಾಪ್ಟರ್

ಮೇಲಿನ ದೂರುಗಳಿಗೆಲ್ಲ ಉತ್ತರವೆಂದೇ ಈ ಮಾದರಿ ಹುಟ್ಟಿಕೊಂಡಂತಿದೆ. ಹೊರಗಿನಿಂದ ನೋಡಿದರೆ ಹಾಲೋ ಇನ್‌ಪುಟ್ಟಿನಂತೆಯೇ ಐಇಸಿ ಫ್ಲ್ಯಾಂಜ್, ಆದರೆ ನಡುವೆ ಗಂಟೆಯಾಕಾರದ ಉದ್ದನೆಯ ಕವಚ. ಅದರೊಳಗೆ ಗೇರ್‌ಬಾಕ್ಸಿನ ಶಾಫ್ಟಿಗೆ ಅದರದೇ ಬೇರಿಂಗುಗಳು, ಅದರ ತುದಿಯಲ್ಲಿ ಉಗುರಿನಂಥ ಹಲ್ಲುಗಳಿರುವ ಅರ್ಧ ಕಪ್ಲಿಂಗ್, ಮೋಟಾರಿನ ಶಾಫ್ಟಿನ ಮೇಲೆ ಇನ್ನರ್ಧ, ಎರಡರ ನಡುವೆ ಸ್ಪೈಡರ್ ಎಂಬ ನಕ್ಷತ್ರಾಕಾರದ ಪಾಲಿಯುರೆಥೇನ್ ಮೆತ್ತೆ. ಮೋಟಾರಿನ ಶಾಫ್ಟು ಗೇರ್‌ಬಾಕ್ಸಿನೊಳಗೆ ಹೋಗುವುದೇ ಇಲ್ಲ. ನಾಲ್ಕು ಬೋಲ್ಟು ತೆಗೆದು ಮೋಟಾರನ್ನು ಹಿಂದಕ್ಕೆ ಎಳೆದರೆ ಅರ್ಧ ಕಪ್ಲಿಂಗ್ ಸಮೇತ ಅದು ಬಂದುಬಿಡುತ್ತದೆ. ಎಣ್ಣೆ ಇಳಿಸುವ ಗೋಜಿಲ್ಲ. ಸ್ಪೈಡರ್ ಪುಡಿಯಾದರೂ ಉಗುರುಗಳು ಒಂದಕ್ಕೊಂದು ತಾಗಿ ಯಂತ್ರ ಗಡಗಡ ಸದ್ದು ಮಾಡುತ್ತಾ ಸ್ವಲ್ಪ ಕಾಲ ಓಡುತ್ತದೆ, ಥಟ್ಟನೆ ನಿಲ್ಲುವುದಿಲ್ಲ.

ಬದಲಿಗೆ ಕೊಡಬೇಕಾದದ್ದು ಉದ್ದ ಮತ್ತು ಹಣ. ಉದ್ದ ಹೆಚ್ಚಾದಷ್ಟೂ ಮೋಟಾರಿನ ತೂಕ ಗೇರ್‌ಬಾಕ್ಸಿನಿಂದ ದೂರ ಸರಿದು ಫ್ಲ್ಯಾಂಜಿನ ಮೇಲೆ ಬಗ್ಗಿಸುವ ಬಲ ಹೆಚ್ಚಾಗುತ್ತದೆ. ಬೀಡು ಕಬ್ಬಿಣದ ಭಾರಿ ಮೋಟಾರುಗಳನ್ನು ಅಡ್ಡಲಾಗಿ ತೂಗುಹಾಕುವಾಗ ಅಡಾಪ್ಟರಿಗೆ ನಿಗದಿಯಾದ ತೂಕದ ಮಿತಿಯನ್ನು ಕೆಟಲಾಗಿನಲ್ಲಿ ನೋಡಲೇಬೇಕು. ಆ ಮಿತಿ ಮೀರಿದರೆ ಕೆಲವರು ಮೋಟಾರಿನ ಕೆಳಗೆ ಆಧಾರ ಕೊಟ್ಟು ಅದಕ್ಕೂ ಬೋಲ್ಟು ಬಿಗಿಯುತ್ತಾರೆ. ಒಂದು ಕಡೆ ಫ್ಲ್ಯಾಂಜು, ಇನ್ನೊಂದು ಕಡೆ ಕಾಲು, ಎರಡನ್ನೂ ಬಿಗಿದರೆ ಎರಡರಲ್ಲೊಂದು ಬಾಗಲೇಬೇಕು. ಆಧಾರ ಕೊಡುವುದಾದರೆ ಅದು ಮೇಲಿಂದ ಕೆಳಕ್ಕೆ ಹೊಂದಿಸಿಕೊಳ್ಳಬಲ್ಲ, ಬಲವಂತವಾಗಿ ಎಳೆಯದ ಆಧಾರವಾಗಿರಬೇಕು.

ಜೋಡಣೆಯಲ್ಲಿ ಆಗುವ ಒಂದೇ ದೊಡ್ಡ ತಪ್ಪು ಅರ್ಧ ಕಪ್ಲಿಂಗನ್ನು ಮೋಟಾರಿನ ಶಾಫ್ಟಿನ ಮೇಲೆ ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ. ತಯಾರಕರು ಫ್ಲ್ಯಾಂಜಿನ ಮುಖದಿಂದ ಕಪ್ಲಿಂಗಿನ ಅಂಚಿಗೆ ಇಷ್ಟೇ ಅಳತೆ ಎಂದು ಕೊಟ್ಟಿರುತ್ತಾರೆ. ಅದಕ್ಕಿಂತ ಮುಂದೆ ಕೂತರೆ ಬೋಲ್ಟು ಬಿಗಿದಾಗ ಸ್ಪೈಡರ್ ಹಿಸುಕಿಕೊಂಡು ಎರಡೂ ಕಡೆಯ ಬೇರಿಂಗುಗಳ ಮೇಲೆ ಉದ್ದುದ್ದಕ್ಕೆ ಒತ್ತಡ ಬೀಳುತ್ತದೆ. ಹಿಂದೆ ಕೂತರೆ ಉಗುರುಗಳು ತುದಿಯಲ್ಲಿ ಮಾತ್ರ ಕಚ್ಚಿಕೊಂಡು ಸ್ಪೈಡರ್ ಕತ್ತರಿಸಿಹೋಗುತ್ತದೆ. ಬದಲಿ ಸ್ಪೈಡರ್ ಕೊಳ್ಳುವಾಗ ಗಡಸುತನವನ್ನೂ ಹೊಂದಿಸಬೇಕು: ಶೋರ್ ಎ ಎಂಬ ಗಡಸುತನದ ಅಳತೆಯಲ್ಲಿ 92 ಇದ್ದ ಕಡೆ 98 ಹಾಕಿದರೆ ಟಾರ್ಕ್ ಹೊರುವ ಶಕ್ತಿ ಹೆಚ್ಚುತ್ತದೆ, ಆದರೆ ಏಟು ನುಂಗುವ ಗುಣ ಕುಗ್ಗುತ್ತದೆ. ಒಲೆ, ಡ್ರೈಯರ್‌ಗಳಂಥ ಬಿಸಿ ಯಂತ್ರಗಳ ಬಳಿ ಪಾಲಿಯುರೆಥೇನ್ ಬೇಗ ಸೋಲುತ್ತದೆಂಬುದೂ ನೆನಪಿರಲಿ.

ಒಂದು ಪಾಳಿ ನಿಂತರೂ ನಷ್ಟವಾಗುವ ಯಂತ್ರಕ್ಕೆ, 5.5 ಕಿಲೋವ್ಯಾಟ್ ಮತ್ತು ಅದಕ್ಕಿಂತ ಮೇಲಿನ ಮೋಟಾರು ಇದ್ದಾಗ, ಹಾಲೋ ಇನ್‌ಪುಟ್ಟಿಗಿಂತ ಇದನ್ನೇ ನಾನು ಬರೆಯುತ್ತೇನೆ. 0.75 ಕಿಲೋವ್ಯಾಟ್‌ನ ಪುಟ್ಟ ವರ್ಮ್ ಗೇರ್‌ಬಾಕ್ಸಿಗೆ ಇದೇ ಮಾತು ಹೇಳಲಾರೆ. ಅಲ್ಲಿ ಕಪ್ಲಿಂಗ್ ಅಡಾಪ್ಟರಿನ ಖರ್ಚು ಗೇರ್‌ಬಾಕ್ಸಿನ ಬೆಲೆಯನ್ನೇ ಅಣಕಿಸುವಂತಿರುತ್ತದೆ.

ಸಾಲಿಡ್ ಶಾಫ್ಟ್ ಮತ್ತು ಪಕ್ಕದ ಎಳೆತ

ಹೊರಚಾಚಿದ ಶಾಫ್ಟು ಹಳೆಯ ಪದ್ಧತಿ ಎಂದು ಬದಿಗೆ ಸರಿಸುವವರಿದ್ದಾರೆ. ಅದು ಸರಿಯಲ್ಲ. ಮೋಟಾರು ಯಾವ ಮಾನದಂಡದ್ದೇ ಇರಲಿ, ಡೀಸೆಲ್ ಎಂಜಿನ್ನೇ ಇರಲಿ, ಇದಕ್ಕೆ ಹೊಂದುತ್ತದೆ. ಬೆಲ್ಟ್ ಹಾಕಿದರೆ ಮೋಟಾರನ್ನು ಗೇರ್‌ಬಾಕ್ಸಿನ ಮೇಲೆಯೋ ಪಕ್ಕದಲ್ಲಿಯೋ ಕೂರಿಸಿ ಉದ್ದ ಉಳಿಸಬಹುದು, ಪುಲ್ಲಿ ಬದಲಿಸಿ ವೇಗವನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು, ಕ್ರಷರಿನಲ್ಲಿ ಕಲ್ಲು ಸಿಕ್ಕಿಕೊಂಡಾಗ ಬೆಲ್ಟು ಜಾರಿ ಗೇರಿನ ಹಲ್ಲನ್ನು ಉಳಿಸುತ್ತದೆ. 30, 40 ಕಿಲೋವ್ಯಾಟ್ ದಾಟಿದ ಮೇಲೆ ಮೋಟಾರನ್ನು ಫ್ಲ್ಯಾಂಜಿಗೆ ತೂಗುಹಾಕುವುದಕ್ಕಿಂತ ಅದರ ಕಾಲುಗಳ ಮೇಲೆ ಪೀಠದಲ್ಲಿ ಕೂರಿಸಿ ಕಪ್ಲಿಂಗ್ ಹಾಕುವುದೇ ನೆಮ್ಮದಿಯ ದಾರಿ.

ಆದರೆ ಇಲ್ಲಿ ಹೊಂದಾಣಿಕೆಯ ಹೊಣೆ ಪೂರ್ತಿಯಾಗಿ ಮನುಷ್ಯನ ಮೇಲೆ ಬೀಳುತ್ತದೆ. ಕಪ್ಲಿಂಗಾದರೆ ಡಯಲ್ ಗೇಜ್ ಹಿಡಿದು ಶಿಮ್ (ತೆಳು ತಗಡು) ಹಾಕಿ ಮಧ್ಯರೇಖೆ ಕೂಡಿಸಬೇಕು, ಯಂತ್ರ ಬಿಸಿಯಾದ ಮೇಲೆ ಮತ್ತೊಮ್ಮೆ ನೋಡಬೇಕು. ಕಪ್ಲಿಂಗ್ ಹೊಂದಿಕೊಳ್ಳುವ ಬಗೆಯದು ಎಂಬ ಧೈರ್ಯದಿಂದ ಕಣ್ಣಳತೆಯಲ್ಲಿ ಮುಗಿಸಿದ ಜೋಡಣೆಗಳಲ್ಲಿ ಮೊದಲು ಸೋರುವುದು ಇನ್‌ಪುಟ್ ಆಯಿಲ್ ಸೀಲ್.

ಬೆಲ್ಟ್ ಆದರೆ ಪಕ್ಕದ ಎಳೆತದ ಲೆಕ್ಕ ಮಾಡಲೇಬೇಕು. ಟಾರ್ಕನ್ನು 2000ದಿಂದ ಗುಣಿಸಿ ಪುಲ್ಲಿಯ ವ್ಯಾಸದಿಂದ, ಮಿ.ಮೀ.ಗಳಲ್ಲಿ, ಭಾಗಿಸಿದರೆ ನ್ಯೂಟನ್ ಲೆಕ್ಕದ ಬಲ ಸಿಗುತ್ತದೆ. ಅದನ್ನು ಮತ್ತೆ ಚಾಲನೆಯ ಬಗೆಗೆ ತಕ್ಕ ಗುಣಕದಿಂದ ಗುಣಿಸಬೇಕು. ಹಲವು ಕೆಟಲಾಗುಗಳಲ್ಲಿ ವಿ-ಬೆಲ್ಟಿಗೆ ಈ ಗುಣಕ 1.75, ಚಪ್ಪಟೆ ಬೆಲ್ಟಿಗೆ 2.5, ಸಾಕಷ್ಟು ಹಲ್ಲುಗಳಿರುವ ಚೈನ್ ಚಕ್ರಕ್ಕೆ 1. ಮೇಲೆ ಹೇಳಿದ 7.5 ಕಿಲೋವ್ಯಾಟ್ ಮೋಟಾರಿಗೆ, ಎರಡೂ ಕಡೆ 140 ಮಿ.ಮೀ. ಪುಲ್ಲಿ ಹಾಕಿದರೆ ವಿ-ಬೆಲ್ಟಿನ ಎಳೆತ ಸುಮಾರು 1240 ನ್ಯೂಟನ್ ಆಗುತ್ತದೆ, ಅಂದರೆ ಒಬ್ಬ ದಪ್ಪ ಮನುಷ್ಯ ಶಾಫ್ಟಿನ ತುದಿಗೆ ಜೋತುಬಿದ್ದಂತೆ. ಸ್ಟೋರಿನಲ್ಲಿ ಇದ್ದದ್ದು 100 ಮಿ.ಮೀ. ಪುಲ್ಲಿ ಎಂದು ಅದನ್ನೇ ಎರಡೂ ಕಡೆ ಹಾಕಿದರೆ ಅದು 1740ಕ್ಕೆ ಏರುತ್ತದೆ. ಬಾಲ್ ಬೇರಿಂಗಿನ ಆಯುಷ್ಯ ಹೊರೆಯ ಘನಕ್ಕೆ ವಿಲೋಮವಾಗಿ ಇಳಿಯುವುದರಿಂದ, ಬೆಲ್ಟಿನ ಎಳೆತವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೂ ಈ ಬದಲಾವಣೆಯಿಂದ ಆಯುಷ್ಯ ಮೂರನೇ ಒಂದು ಭಾಗದ ಆಸುಪಾಸಿಗೆ ಕುಸಿಯುತ್ತದೆ. ಪುಲ್ಲಿ ಚಿಕ್ಕದಾಯಿತೆಂದು ಬೆಲ್ಟು ಜಾರಿದಾಗ ಇನ್ನಷ್ಟು ಬಿಗಿ ಮಾಡುವವರು ಉಳಿದದ್ದನ್ನೂ ತಿನ್ನುತ್ತಾರೆ.

ಕೆಟಲಾಗಿನಲ್ಲಿ ಕೊಟ್ಟಿರುವ ಎಳೆತದ ಮಿತಿ ಸಾಮಾನ್ಯವಾಗಿ ಶಾಫ್ಟಿನ ಉದ್ದದ ನಟ್ಟನಡುವೆ ಬಲ ಬಿದ್ದಾಗಿನದು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಪುಲ್ಲಿಯನ್ನು ತುದಿಗೆ ಸರಿಸಿದಷ್ಟೂ ಮಿತಿ ಇಳಿಯುತ್ತದೆ. ಶಾಫ್ಟಿನ ಮೆಟ್ಟಿಲಿಗೆ ಒತ್ತಿ ಕೂರಿಸುವುದೇ ಸರಿ. ಕೂರಿಸುವ ಬಗೆಯೂ ಮುಖ್ಯ. ಬಹುತೇಕ ಶಾಫ್ಟುಗಳ ತುದಿಯಲ್ಲಿ ಮರೆ ಕೊರೆದ ರಂಧ್ರ ಇರುತ್ತದೆ: 24 ಮಿ.ಮೀ. ಶಾಫ್ಟಿಗೆ ಎಂ8, 28ಕ್ಕೆ ಎಂ10, 38ಕ್ಕೆ ಎಂ12. ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಅದರಲ್ಲಿ ಉದ್ದನೆಯ ಸ್ಟಡ್ ತಿರುಗಿಸಿ, ದಪ್ಪ ವಾಷರ್ ಮತ್ತು ನಟ್ ಹಾಕಿ, ನಟ್ ತಿರುಗಿಸುತ್ತಾ ಪುಲ್ಲಿಯನ್ನು ಒಳಕ್ಕೆ ಎಳೆದುಕೊಳ್ಳಬೇಕು. ಸುತ್ತಿಗೆಯ ಒಂದೊಂದು ಏಟೂ ಒಳಗಿನ ಬೇರಿಂಗಿನ ಗುಂಡುಗಳು ತಮ್ಮ ಹಾದಿಯಲ್ಲಿ ಒಂದೊಂದು ಗುಳಿ ಮೂಡಿಸುವಂತೆ ಮಾಡುತ್ತದೆ. ಗೇರ್‌ಬಾಕ್ಸ್ ಹೊಸದಾಗಿದ್ದಾಗಲೇ ಕೊರಗುಟ್ಟುವ ಸದ್ದು ಬರಲು ಇದೇ ಕಾರಣವಾಗಿರುವುದನ್ನು ಕಂಡಿದ್ದೇನೆ.

ಕಪ್ಲಿಂಗನ್ನೂ ಪುಲ್ಲಿಯನ್ನೂ ಬ್ಯಾಲೆನ್ಸ್ ಮಾಡಿಸುವವರು ಇನ್ನೊಂದನ್ನು ನೋಡಬೇಕು. ಈಗಿನ ಮೋಟಾರುಗಳ ರೋಟರನ್ನು ಸಾಮಾನ್ಯವಾಗಿ ಅರ್ಧ ಕೀ ಲೆಕ್ಕದಲ್ಲಿ (ಕೀವೇಯಲ್ಲಿ ಅರ್ಧ ಕೀ ತೂಕವನ್ನಷ್ಟೇ ಇಟ್ಟು) ಬ್ಯಾಲೆನ್ಸ್ ಮಾಡಿರುತ್ತಾರೆ, ಶಾಫ್ಟಿನ ತುದಿಯಲ್ಲಿ ಎಚ್ ಅಕ್ಷರ ಕೆತ್ತಿರುತ್ತದೆ. ಕೀ ಉದ್ದ ಹಬ್‌ಗಿಂತ (ಪುಲ್ಲಿ ಅಥವಾ ಕಪ್ಲಿಂಗಿನಲ್ಲಿ ಶಾಫ್ಟನ್ನು ಹಿಡಿಯುವ ನಡುಭಾಗಕ್ಕಿಂತ) ಹೆಚ್ಚಾಗಿ ಹೊರಗೆ ಇಣುಕುತ್ತಿದ್ದರೆ ಆ ಲೆಕ್ಕ ತಪ್ಪಿ ಕಂಪನ ಶುರುವಾಗುತ್ತದೆ.

ಉಳಿದ ಬಗೆಗಳು

ಸರ್ವೋ ಮೋಟಾರಿಗೆ ಕೀ ಇಲ್ಲದ ಕ್ಲ್ಯಾಂಪ್ ಹಬ್ ಇರುವ ಅಡಾಪ್ಟರ್ ಬೇಕು. ಕ್ಷಣಕ್ಷಣಕ್ಕೂ ಹಿಂದೆ ಮುಂದೆ ತಿರುಗುವ ಕೆಲಸದಲ್ಲಿ ಕೀವೇ ಸಡಿಲು ನೇರವಾಗಿ ಸ್ಥಾನದ ತಪ್ಪಾಗಿ ಕಾಣಿಸಿಕೊಳ್ಳುತ್ತದೆ. ಜೋಡಿಸುವ ಕ್ರಮ ಹಾಲೋ ಇನ್‌ಪುಟ್ಟಿಗೆ ತದ್ವಿರುದ್ಧ: ಅಲ್ಲಿ ಪೇಸ್ಟ್ ಕಡ್ಡಾಯ, ಇಲ್ಲಿ ಶಾಫ್ಟೂ ಹಬ್ಬೂ ಎಣ್ಣೆಯ ಜಿಡ್ಡಿಲ್ಲದಂತೆ ಒರೆಸಿರಬೇಕು, ಸ್ಕ್ರೂವನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಒಬ್ಬನೇ ಫಿಟ್ಟರ್ ಎರಡನ್ನೂ ನೋಡಿಕೊಳ್ಳುವ ಕಡೆ ಈ ವ್ಯತ್ಯಾಸವನ್ನು ಗೋಡೆಯ ಮೇಲೆ ಬರೆದಿಡುವುದು ವಾಸಿ.

ಅಮೆರಿಕದ ನೀಮಾ ಮಾನದಂಡದ ಮೋಟಾರು ಬರುವುದಾದರೆ ಅಡಾಪ್ಟರ್ ಆರ್ಡರಿನಲ್ಲಿಯೇ ಅದನ್ನು ಸ್ಪಷ್ಟವಾಗಿ ಬರೆಯಬೇಕು. 56ಸಿ ಮತ್ತು 143ಟಿಸಿ ಫ್ರೇಮುಗಳ ಫ್ಲ್ಯಾಂಜ್ ಒಂದೇ ಆದರೂ ಶಾಫ್ಟುಗಳು ಕ್ರಮವಾಗಿ 5/8 ಇಂಚು ಮತ್ತು 7/8 ಇಂಚು. 7/8 ಎಂದರೆ 22.225 ಮಿ.ಮೀ.; ಐಇಸಿಯ 24ರ ರಂಧ್ರಕ್ಕೆ ಬುಷ್ ಹಾಕಿ ಇದನ್ನು ಕೂರಿಸುವ ಜಾಣತನ ಹೆಚ್ಚು ದಿನ ನಡೆಯುವುದಿಲ್ಲ. ಹೈಡ್ರಾಲಿಕ್ ಮೋಟಾರಿಗೆ ಸ್ಪ್ಲೈನ್ ಇನ್‌ಪುಟ್ ಸಿಗುತ್ತದೆ. ಅದರ ಹಲ್ಲುಗಳ ಸಂಖ್ಯೆ ಮತ್ತು ಫ್ಲ್ಯಾಂಜ್ ಮೋಟಾರಿನ ಡ್ರಾಯಿಂಗಿಗೆ ಹೊಂದಬೇಕು ಎಂಬುದರ ಹೊರತು ಹೇಳುವುದು ಹೆಚ್ಚಿಲ್ಲ.

ಆಯ್ಕೆಯನ್ನು ತಿರುಗಿಸುವ ಕೆಲವು ಸಂಗತಿಗಳು

ಇಳಿಜಾರಿನ ಕನ್ವೇಯರಿನಲ್ಲಿ ಸರಕು ಹಿಂದಕ್ಕೆ ಜಾರದಂತೆ ತಡೆಯುವ ಬ್ಯಾಕ್‌ಸ್ಟಾಪನ್ನು ಟಾರ್ಕ್ ಕಡಿಮೆ ಇರುವ ಇನ್‌ಪುಟ್ ಕಡೆಯಲ್ಲೇ ಇಡುವುದು ವಾಡಿಕೆ, ಹಲವು ಕಪ್ಲಿಂಗ್ ಅಡಾಪ್ಟರುಗಳಲ್ಲಿ ಅದು ಒಳಗೇ ಬರುತ್ತದೆ. ಅಲ್ಲಿ ಆರ್ಡರಿನಲ್ಲಿ ತಿರುಗುವ ದಿಕ್ಕನ್ನು, ಎಲ್ಲಿ ನಿಂತು ನೋಡಿದಾಗಿನ ದಿಕ್ಕು ಎಂಬುದನ್ನೂ ಸೇರಿಸಿ ಬರೆಯಬೇಕು. ಮೊದಲ ಸಲ ವಿದ್ಯುತ್ ಕೊಡುವ ಮುನ್ನ ಮೋಟಾರನ್ನು ಬಿಡಿಯಾಗಿ ತಿರುಗಿಸಿ ದಿಕ್ಕು ಪರೀಕ್ಷಿಸದೆ ಜೋಡಿಸಿದರೆ ಬ್ಯಾಕ್‌ಸ್ಟಾಪ್ ಅಲ್ಲಿಯೇ ಮುರಿಯಬಹುದು.

ನೆಟ್ಟಗೆ ನಿಲ್ಲಿಸುವ ಮಿಕ್ಸರುಗಳಲ್ಲಿ ಮೋಟಾರು ಮೇಲಿದ್ದರೆ ಹಾಲೋ ಇನ್‌ಪುಟ್ ಕೂಡ ತಕ್ಕಮಟ್ಟಿಗೆ ಒಳ್ಳೆಯದು, ತೂಕ ಬಗ್ಗಿಸುವ ಬಲವಾಗುವುದಿಲ್ಲ. ಆದರೆ ತೊಳೆಯುವ ನೀರು ಫ್ಲ್ಯಾಂಜಿನ ಸಂದಿಯಿಂದ ಶಾಫ್ಟಿಗಿಳಿದರೆ ಮೇಲೆ ಹೇಳಿದ ತುಕ್ಕಿನ ಕಥೆ ಇನ್ನೂ ಬೇಗ ಶುರುವಾಗುತ್ತದೆ. ಎರಡು ಪೋಲಿನ, 2900 ಸುತ್ತಿನ ಮೋಟಾರು ಹಾಕುವ ಯೋಚನೆ ಇದ್ದರೆ ಇನ್‌ಪುಟ್ ಮಾದರಿಗಿಂತ ಮೊದಲು ಆ ವೇಗಕ್ಕೆ ಗೇರ್‌ಬಾಕ್ಸಿಗೆ ಅನುಮತಿ ಇದೆಯೇ ನೋಡಬೇಕು. ಕೆಟಲಾಗಿನ ಅಂಕಿಗಳು ಸಾಮಾನ್ಯವಾಗಿ 1400ರಿಂದ 1500 ಸುತ್ತಿನವು, ವೇಗ ಇಮ್ಮಡಿಯಾದಾಗ ಎಣ್ಣೆ ಕಲಕುವ ಬಿಸಿ ಮತ್ತು ಸೀಲಿನ ಸವೆತ ಎರಡೂ ಏರುತ್ತವೆ.

ಇನ್ನು ಆರ್ಡರ್ ಬರೆಯುವಾಗ ಬರೀ «100ರ ಫ್ರೇಮ್» ಎಂದು ಬರೆದರೆ ಸಾಲದು. ಫ್ರೇಮ್ ಸಂಖ್ಯೆ, ಬಿ5 ಅಥವಾ ಬಿ14, ಫ್ಲ್ಯಾಂಜಿನ ಹೊರವ್ಯಾಸ, ಶಾಫ್ಟಿನ ವ್ಯಾಸ ಮತ್ತು ಉದ್ದ, ಕೀ ಅಳತೆ, ಮೋಟಾರಿನ ತೂಕ, ಗಂಟೆಗೆ ಎಷ್ಟು ಸಲ ಸ್ಟಾರ್ಟ್ ಆಗುತ್ತದೆ, ಬೆಲ್ಟಾದರೆ ಪುಲ್ಲಿಯ ವ್ಯಾಸ ಮತ್ತು ಎಳೆತದ ದಿಕ್ಕು, ಇವಿಷ್ಟೂ ಇರಬೇಕು. ಹಳೆಯ ಮೋಟಾರನ್ನೇ ಹೊಸ ಗೇರ್‌ಬಾಕ್ಸಿಗೆ ಹಾಕುವುದಾದರೆ ನೇಮ್‌ಪ್ಲೇಟ್ ನಂಬದೆ ಕ್ಯಾಲಿಪರ್ ಹಿಡಿದು ಅಳೆಯಬೇಕು. ಎರಡು ಮೂರು ಸಲ ರಿಪೇರಿ ಕಂಡ ಮೋಟಾರಿನ ಶಾಫ್ಟನ್ನು ಯಾರೋ ವೆಲ್ಡಿಂಗ್ ತುಂಬಿಸಿ ಲೇತಿನಲ್ಲಿ ಇಳಿಸಿರಬಹುದು, ಮುಂದಿನ ಕವಚವನ್ನು ಬೇರೆ ಫ್ಲ್ಯಾಂಜಿನದಕ್ಕೆ ಬದಲಿಸಿರಬಹುದು. ಗೇರ್‌ಬಾಕ್ಸ್ ಬಂದಿಳಿದ ದಿನ, ಅದನ್ನು ಯಂತ್ರಕ್ಕೆ ಏರಿಸುವ ಮೊದಲು, ನೆಲದ ಮೇಲೆಯೇ ಮೋಟಾರನ್ನು ಒಮ್ಮೆ ಕೈಯಿಂದ ತೂರಿಸಿ, ಫ್ಲ್ಯಾಂಜಿನ ಮುಖಗಳು ಬೋಲ್ಟಿಲ್ಲದೆಯೇ ಸುತ್ತಲೂ ಸಮನಾಗಿ ಕೂಡುತ್ತವೆಯೇ ಎಂದು ಫೀಲರ್ ಗೇಜಿನಿಂದ ನೋಡಿ, ಮತ್ತೆ ಹೊರಕ್ಕೆಳೆದು, ಆಮೇಲೆ ಪೇಸ್ಟ್ ಹಚ್ಚಿ ಸೇರಿಸಬೇಕು.